ಕಾಫಿ–ನೋವು ನೋಟ್‌ಬುಕ್: ಇಲ್ಲಿಯವರೆಗೆ ಕಂಡದ್ದು

ಶುರುವಿನಲ್ಲಿ ನೋಟ್‌ಬುಕ್ಕಲ್ಲಿ ಎರಡೇ ಕಾಲಂ ಇದ್ದವು: ಎಷ್ಟು ಕಪ್ ಕಾಫಿ, ಎಷ್ಟು ಕತ್ತುನೋವು. ನೋವು ಜಾಸ್ತಿಯಿದ್ದ ದಿನ ಕಾಫಿಯೂ ಜಾಸ್ತಿ. ಆದರೆ ನೋವಿದೆಯೆಂದು ಕುಡಿದದ್ದೋ, ಕುಡಿದದ್ದಕ್ಕೆ ನೋವೋ, ಅದು ಅಷ್ಟರಿಂದ ತಿಳಿಯುವಂಥದ್ದಲ್ಲ. ಈಗ ಕೊನೆಯ ಕಪ್ಪಿನ ಹೊತ್ತು, ನಿದ್ದೆ, ಮನಸ್ಸು ಅಂತ ಇನ್ನಷ್ಟು ಗೆರೆ ಎಳೆದಿದ್ದೇನೆ. ಮನಸ್ಸಿಗೆ ಅಂಕ ಕೊಡುವುದು ನನಗೆ ಒಗ್ಗಲಿಲ್ಲ. ‘ಸಿಡುಕು’, ‘ಮಂಕು’, ‘ಪರವಾಗಿಲ್ಲ’ ಎಂದು ಒಂದು ಪದ ಗೀಚಿಬಿಡುತ್ತೇನೆ.

ಹೊತ್ತು ಬರೆಯತೊಡಗಿದ ಮೇಲೆ ಏನೋ ಕಾಣಿಸಿತು. ಸಂಜೆ ಕಾಫಿ ಕುಡಿದಿದ್ದರೆ ಮರುದಿನ ಬೆಳಿಗ್ಗೆ ಕತ್ತು ಹಿಡಿದಿರುತ್ತದೆ, ಪಕ್ಕದಲ್ಲೇ ‘ಸಿಡುಕು’. ಮೈಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ, ಗರ್ಭಿಣಿಯರಲ್ಲಿ ತುಂಬ ನಿಧಾನ. 2013ರ ಒಂದು ಪ್ರಯೋಗದಲ್ಲಿ ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೊಟ್ಟರೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹೋಗಿತ್ತು. ನಿದ್ದೆಗೆಟ್ಟವರಿಗೆ ನೋವು ಹೆಚ್ಚು ಚುಚ್ಚುತ್ತದೆ, ಮನಸ್ಸೂ ಕೆಡುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಕಪ್ಪಿನ ಲೆಕ್ಕಕ್ಕಿಂತ ಗಡಿಯಾರವೇ ಮುಖ್ಯ ಅನ್ನಿಸುತ್ತಿದೆ. ಮಧ್ಯಾಹ್ನದ ಊಟದ ನಂತರ ಈಗ ಕಾಫಿಯಿಲ್ಲ.

ಇನ್ನೊಂದು, ರಜಾದಿನದ ತಲೆನೋವು. ತಡವಾಗಿ ಎದ್ದ ದಿನ ಹಣೆಯ ಎರಡೂ ಕಡೆ ಹಿಂಡಿದಂತಾಗಿ, ಒಂದು ಕಪ್ ಒಳಗೆ ಹೋದ ಮೇಲೆ ಮೆಲ್ಲಗೆ ಸಡಿಲವಾಗುತ್ತದೆ. ಕೆಫೀನ್ ಮೆದುಳಲ್ಲಿ ನಿದ್ದೆ ಬರಿಸುವ ರಾಸಾಯನಿಕವಾದ ಅಡೆನೊಸಿನ್‌ನ ಜಾಗ ಹಿಡಿದು ಕೂರುತ್ತದೆ. ಅದು ಎದ್ದುಹೋದಾಗ ಅಡೆನೊಸಿನ್ ನುಗ್ಗಿ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕಾಫಿ ಬಿಟ್ಟ 12ರಿಂದ 24 ಗಂಟೆಯೊಳಗೆ ಶುರುವಾಗಿ ಕೆಲವರಿಗೆ ವಾರದ ಮೇಲೂ ಇರಬಹುದು. ಜೊತೆಗೆ ದಣಿವು, ಮಂಕು, ಸಿಡಿಮಿಡಿ. ಅಂದರೆ ಕಾಫಿ ಗುಣಮಾಡುವ ಆ ತಲೆನೋವು ಕಾಫಿಯೇ ಕೊಟ್ಟದ್ದು! ಅದಕ್ಕೇ ಒಂದೇ ಸಲ ಬಿಡದೆ ಚಮಚದಲ್ಲಿ ಪುಡಿ ಕಮ್ಮಿ ಮಾಡುತ್ತಾ ಬಂದೆ. ರುಚಿ ತೆಳ್ಳಗಾಯಿತು, ತಲೆ ಮಾತ್ರ ಗಲಾಟೆ ಮಾಡಲಿಲ್ಲ.

ಕಾಫಿಯನ್ನು ಪೂರ್ತಿ ಬೈಯುವಂತೆಯೂ ಇಲ್ಲ. 100 ಮಿಲಿಗ್ರಾಂ ಅಥವಾ ಹೆಚ್ಚು ಕೆಫೀನ್ ಜೊತೆಗಿದ್ದರೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತುಸು ಹೆಚ್ಚು ಜನರಿಗೆ ಕೆಲಸ ಮಾಡುತ್ತವೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ 2014ರ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಅದು ತಲೆನೋವು, ಹೆರಿಗೆಯ ನಂತರದ ನೋವಿನಂಥ ತಾತ್ಕಾಲಿಕ ನೋವಿನ ಮಾತು, ನನ್ನಂಥ ಹಳೇ ನೋವಿನದಲ್ಲ. ಕೆಫೀನ್ ಬೆರೆತ ತಲೆನೋವಿನ ಮಾತ್ರೆಯನ್ನು ತಿಂಗಳಲ್ಲಿ 10 ದಿನ ಅಥವಾ ಹೆಚ್ಚು ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುವುದುಂಟು.

ಖಿನ್ನತೆಯ ವಿಷಯದಲ್ಲಿ, ಅಮೆರಿಕದ ನರ್ಸ್‌ಗಳ ಮೇಲಿನ 2011ರ ಅಧ್ಯಯನದಲ್ಲಿ ದಿನಕ್ಕೆ 4 ಕಪ್ ಅಥವಾ ಹೆಚ್ಚು ಕುಡಿಯುವವರಲ್ಲಿ ಅಪಾಯ ಸುಮಾರು 20% ಕಮ್ಮಿ ಕಂಡಿತ್ತು. ಹುಷಾರಾಗಿರುವವರೇ ಹೆಚ್ಚು ಕುಡಿಯುತ್ತಿದ್ದರೋ ಏನೋ! ಆತಂಕದ ಕಾಯಿಲೆಯವರಿಗಂತೂ ಕಥೆ ಬೇರೆ. ಹೆಚ್ಚು ಕೆಫೀನ್ ಅವರಲ್ಲಿ ಪ್ಯಾನಿಕ್, ಅಂದರೆ ಏಕಾಏಕಿ ವಿಪರೀತ ಗಾಬರಿ, ಎಬ್ಬಿಸಬಲ್ಲದು. ಬೈಪೋಲಾರ್‌ನಂಥ ಮನೋರೋಗಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನನ್ನ ಹಾಗೆ ತಾವೇ ಪ್ರಯೋಗಕ್ಕಿಳಿಯಬೇಡಿ. ಕಾಫಿ ಇಳಿಸಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಮೊದಲು ಡಾಕ್ಟರನ್ನು ಕೇಳಿ.

ಮುಂದಿನ ಹಂತಕ್ಕೆ ಎರಡು ಡಬ್ಬಿ ತಂದಿಟ್ಟಿದ್ದೇನೆ. ಒಂದರಲ್ಲಿ ಮಾಮೂಲಿ ಪುಡಿ, ಇನ್ನೊಂದರಲ್ಲಿ ಕೆಫೀನ್ ತೆಗೆದ ಡಿಕ್ಯಾಫ್. ಯಾವುದರಲ್ಲಿ ಯಾವುದಿದೆ ಅನ್ನುವುದು ತುಂಬಿಸಿಟ್ಟ ಅಕ್ಕನಿಗೆ ಮಾತ್ರ ಗೊತ್ತು. ವಾರಕ್ಕೊಂದು ಡಬ್ಬಿ, ಕಾಲಂಗಳು ಅವೇ.