ಗಾಳಿ ಎಳೆಯುವ ಪಂಪು

ಮಂಡ್ಯದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬಸರಾಳು, ದುದ್ದ, ಕೆರಗೋಡು ಕಡೆಯಿಂದ ರೈತರು ಮೊನೊಬ್ಲಾಕ್ ಪಂಪು ಹೊತ್ತು ತರುತ್ತಾರೆ. ತುಂಬಾ ಜನ ಹೇಳುವುದು ಒಂದೇ ಮಾತು: "ಪಂಪು ಏರ್ ತಗೊಳ್ತಾ ಐತೆ ಕಣಣ್ಣ, ನೀರೇ ಎತ್ತಾಕಿಲ್ಲ." ಫುಟ್ ವಾಲ್ವ್ ನೋಡಬೇಕು, ಸಕ್ಷನ್ ಪೈಪಿನ ಜಾಯಿಂಟ್ ನೋಡಬೇಕು, ಗ್ಲ್ಯಾಂಡ್ ಹಗ್ಗ ಬದಲಿಸಬೇಕು. ಹಗಲೆಲ್ಲ ಪಂಪಿನೊಳಗೆ ಗಾಳಿ ಹೋಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಮನೆಯಲ್ಲಿ ಇನ್ನೊಂದು ಸಣ್ಣ ಪಂಪಿದೆ. ಅದು ಗಾಳಿ ಎಳೆಯಲೇಬೇಕು. ಎಳೆಯದಿದ್ದರೆ ನನ್ನ ಉಪ್ಪು ನೀರಿನ ಮೀನಿನ ಟ್ಯಾಂಕು ಕೆಡುತ್ತದೆ. ಅದೇ ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ನ ಪಂಪು.

ಟ್ಯಾಂಕು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಸೀಗಡಿ, ಬಸವನಹುಳು, ಜೊಯಾಂಥಿಡ್, ಮಶ್ರೂಮ್ ಥರದ ಮೆತ್ತನೆಯ ಹವಳದ ಜಾತಿಗಳು ಇವೆ. ಕಲ್ಲು ಹವಳ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅವೆಲ್ಲ ಇವೆ. ಅವು ಸಮುದ್ರದಲ್ಲೇ ಇರಲಿ.

ಆಲೆಮನೆ ನೋಡಿದವರಿಗೆ ಸ್ಕಿಮ್ಮರ್ ಬೇಗ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕಸವೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ಎತ್ತಿ ಹೊರಗೆ ಹಾಕುತ್ತಾರೆ. ಇಲ್ಲಿ ಬೆಂಕಿಯ ಬದಲು ಗಾಳಿಗುಳ್ಳೆ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಕರಗಿದಾಗ ಪ್ರೋಟೀನ್ ಮತ್ತು ಕೊಬ್ಬಿನ ಅಂಶ ನೀರಿಗೆ ಸೇರುತ್ತದೆ. ಆ ಕಣಗಳ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ನೀರು ಆಗದು. ನೀರು ಬೇಡದ ತುದಿ ಗುಳ್ಳೆಯೊಳಗಿನ ಗಾಳಿ ಕಡೆ ತಿರುಗಿ ಅಂಟಿಕೊಳ್ಳುತ್ತದೆ. ಗುಳ್ಳೆ ಮೇಲೇರಿ, ಸ್ಕಿಮ್ಮರಿನ ಕತ್ತಿನಲ್ಲಿ ನೊರೆಯಾಗಿ, ಕೊಳೆ ಹಿಡಿಯುವ ಮೇಲಿನ ಕಪ್ಪಿಗೆ ಬೀಳುತ್ತದೆ. ಕೊಳೆತು ಅಮೋನಿಯಾ ಆಗುವ ಮೊದಲೇ ಕಸ ಹೊರಗೆ ಬಂತು. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದಿಲ್ಲ, ಸಣ್ಣದಾಗಿಯೇ ಉಳಿಯುತ್ತವೆ. ಸಿಹಿ ನೀರಿನ ಮೀನಿನ ತೊಟ್ಟಿಗಳಲ್ಲಿ ಸ್ಕಿಮ್ಮರ್ ಕಾಣದಿರಲು ಇದೇ ಕಾರಣ.

ಸ್ಕಿಮ್ಮರ್ ನೊರೆ ಕಡಿಮೆ ಮಾಡಿದ ತಕ್ಷಣ ಜನ ದೊಡ್ಡ ಪಂಪು ಹುಡುಕಲು ಹೊರಡುತ್ತಾರೆ. ಮೊದಲು ಗಾಳಿಯ ದಾರಿ ನೋಡಿ. ಗಾಳಿ ಒಳಗೆ ಬರುವ ಸಣ್ಣ ತೂತಿಗೆ ಉಪ್ಪು ಕಟ್ಟುತ್ತದೆ. ಅಲ್ಲಿ ಹನಿ ನೀರು ಒಣಗಾಳಿಗೆ ಸಿಕ್ಕಿ ಆರುತ್ತಲೇ ಇರುತ್ತದೆ, ಉಪ್ಪು ಪದರ ಪದರವಾಗಿ ಕೂರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಅರ್ಧ ಗಾಳಿ ನಿಂತಿರುತ್ತದೆ.

ಇದನ್ನು ಮೊದಲೇ ಹಿಡಿಯಲು ನಾನು ಪ್ಲಗ್ಗಿಗೆ ಹಾಕುವ ಚಿಕ್ಕ ವ್ಯಾಟ್ ಮೀಟರ್ ಇಟ್ಟಿದ್ದೇನೆ. ಇಷ್ಟು ಸಣ್ಣ ಕರೆಂಟಿಗೆ ಕ್ಲಾಂಪ್ ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಈ ಪಂಪಿನ ಇಂಪೆಲ್ಲರ್‌ಗೆ, ಅಂದರೆ ಒಳಗೆ ತಿರುಗುವ ಚಕ್ರಕ್ಕೆ, ರೆಕ್ಕೆ ಬದಲು ಸಣ್ಣ ಸಣ್ಣ ಮುಳ್ಳುಗಳಿವೆ, ನೀರು ಮತ್ತು ಗಾಳಿ ಎರಡನ್ನೂ ಕಡೆಯುತ್ತವೆ. ಗಾಳಿ ಜಾಸ್ತಿ ಸೇರಿದಷ್ಟೂ ಒಳಗಿನ ಮಿಶ್ರಣ ಹಗುರ, ಲೋಡು ಕಡಿಮೆ. ನನ್ನದು ಶುಚಿಯಾಗಿದ್ದಾಗ 17 ವ್ಯಾಟ್ ತೋರಿಸುತ್ತದೆ. ಉಪ್ಪು ಕಟ್ಟುತ್ತಾ ಬಂದರೆ 20, 21ಕ್ಕೆ ಏರುತ್ತದೆ. ನೊರೆ ಕಡಿಮೆಯಾಗುವ ಮೊದಲೇ ಮೀಟರ್ ಹೇಳಿಬಿಡುತ್ತದೆ. ಆಗ ಗಾಳಿ ಪೈಪಿನ ತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಒ ನೀರಲ್ಲಿ ಅದ್ದುತ್ತೇನೆ. ಪಂಪೇ ಆ ನೀರನ್ನು ಎಳೆದುಕೊಂಡು ಉಪ್ಪು ಕರಗಿಸುತ್ತದೆ. ಬಿಚ್ಚುವ ಕೆಲಸವೇ ಇಲ್ಲ.

ಎರಡು ಮೂರು ದಿನಕ್ಕೊಮ್ಮೆ ಕತ್ತು ಒರೆಸಬೇಕು. ಅಲ್ಲಿ ಕೂರುವ ಜಿಡ್ಡು ನೊರೆಯನ್ನು ಒಡೆಯುತ್ತದೆ, ಕಪ್ಪಿನವರೆಗೆ ಬರಲು ಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಂಪು ಪೂರ್ತಿ ಬಿಚ್ಚುತ್ತೇನೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಸಾಕು. ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ನೆನೆಸಿಟ್ಟರೆ ಸುಣ್ಣದ ಪದರ ಬಿಡುತ್ತದೆ. ಸೋಪು ಬೇಡ. ಅಕ್ರಿಲಿಕ್‌ಗೆ ಸ್ಪಿರಿಟ್ ಹಚ್ಚಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ. ಶಾಫ್ಟು ಸೆರಾಮಿಕ್, ಬೀಳಿಸಿದರೆ ಎರಡು ತುಂಡು. ರೋಟರಿನ ಮ್ಯಾಗ್ನೆಟ್ ಉಬ್ಬಿದೆಯಾ ಎಂದು ಬೆರಳಾಡಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಸೀಳಿ ಉಪ್ಪು ನೀರು ಒಳಗೆ ಹೋದರೆ ಮ್ಯಾಗ್ನೆಟ್ ತುಕ್ಕು ಹಿಡಿದು ಉಬ್ಬುತ್ತದೆ, ಪಂಪು ಜಾಮ್ ಆಗುತ್ತದೆ. ಅಂಥ ರೋಟರು ಬದಲಿಸಲೇಬೇಕು. ಇನ್ನು ವೈಂಡಿಂಗ್ ಇರುವ ಸ್ಟೇಟರ್ ಪೂರ್ತಿ ಎಪಾಕ್ಸಿಯೊಳಗೆ ಮುಚ್ಚಿರುತ್ತದೆ. ವೈಂಡಿಂಗ್ ಸುಟ್ಟರೆ ಹೊಸ ಪಂಪೇ ಗತಿ. ನನ್ನ ಕಸುಬೇ ವೈಂಡಿಂಗ್ ಆದರೂ ಅದಕ್ಕೆ ಕೈ ಹಾಕುವುದಿಲ್ಲ.

ತೊಳೆದ ಮೇಲೆ ಕೆಲವು ಗಂಟೆ ನೊರೆ ಸರಿಯಾಗಿ ನಿಲ್ಲುವುದಿಲ್ಲ. ವಾಲ್ವ್ ತಿರುಗಿಸದೆ ಸುಮ್ನೆ ಬಿಡಿ, ತಾನಾಗಿ ಬರುತ್ತದೆ. ಕೈಯ ಎಣ್ಣೆ ನೀರಿಗೆ ಬಿದ್ದರೂ ನೊರೆ ಕುಸಿಯುತ್ತದೆ. ಅಂಗಡಿಯಿಂದ ಬಂದ ನನ್ನ ಕೈಯಲ್ಲಿ ಗ್ರೀಸು, ವಾರ್ನಿಶು, ತಾಮ್ರದ ಪುಡಿ ಎಲ್ಲ ಇರುತ್ತದೆ. ಸ್ನಾನ ಮಾಡದೆ ಟ್ಯಾಂಕಿನ ಹತ್ತಿರ ಹೋಗುವುದಿಲ್ಲ.

ತಾಮ್ರದ ವಿಷಯ ಗಟ್ಟಿಯಾಗಿ ಹೇಳಬೇಕು. ಸೀಗಡಿ, ಬಸವನಹುಳು, ಹವಳದ ಜಾತಿಗಳಿಗೆ ತಾಮ್ರ ವಿಷ. ನಾನು ಮಾಡಿದ ಮೊದಲ ಬದಲಾವಣೆ ಸ್ಕಿಮ್ಮರಿನ ನೀರು ಹೊರಹೋಗುವ ಪೈಪಿಗೆ ಗೇಟ್ ವಾಲ್ವ್ ಹಾಕಿದ್ದು. ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುತ್ತದೆ, ನೊರೆಯ ಮಟ್ಟ ಬೆರಳಗಲ ಏರಿಸಿ ಇಳಿಸಲು ಆಗುವುದಿಲ್ಲ. ಆದರೆ ಪೈಪು ಅಂಗಡಿಯಲ್ಲಿ ಕೈಗೆ ಸಿಗುವ ಗೇಟ್ ವಾಲ್ವ್ ಹಿತ್ತಾಳೆಯದ್ದು. ಹಿತ್ತಾಳೆ ಎಂದರೆ ಅರ್ಧಕ್ಕಿಂತ ಜಾಸ್ತಿ ತಾಮ್ರ. ಪೂರ್ತಿ ಪ್ಲಾಸ್ಟಿಕ್ ವಾಲ್ವ್ ಹುಡುಕಿ ತರಿಸಿ. ತಡವಾದರೂ ಪರವಾಗಿಲ್ಲ.

ಎರಡನೆಯದು ನಮ್ಮ ಊರಿನ ಕರೆಂಟಿಗಾಗಿ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ನೀರು ಸ್ವಲ್ಪ, ಸ್ಕಿಮ್ಮರ್ ಕೂತಿರುವ ಕೆಳಗಿನ ಸಂಪಿಗೆ ಇಳಿಯುತ್ತದೆ. ಸಂಪಿನ ಮಟ್ಟ ಏರುತ್ತದೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಆ ಎತ್ತರದ ನೀರಲ್ಲೇ ಶುರುವಾದರೆ ನೊರೆ ಉಕ್ಕಿ ಕಪ್ಪು ತುಂಬಿ ಚೆಲ್ಲುತ್ತದೆ. ತೆಗೆದ ಕೊಳೆಯೆಲ್ಲ ವಾಪಸ್ ನೀರಿಗೆ. ರೈತರ ಆಟೋ ಸ್ಟಾರ್ಟರಿನಲ್ಲಿ ಕರೆಂಟ್ ಬಂದ ಸ್ವಲ್ಪ ಹೊತ್ತಾದ ಮೇಲೆ ಮೋಟಾರ್ ಆನ್ ಮಾಡುವ ಟೈಮರ್ ಇರುತ್ತದಲ್ಲ, ಅದೇ ಉಪಾಯ ಇಲ್ಲೂ. ಆನ್ ಡಿಲೇ ಟೈಮರ್ ಹಾಕಿದ್ದೇನೆ. ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುವ ರಿಟರ್ನ್ ಪಂಪು ಮೊದಲು ಓಡುತ್ತದೆ, ಸಂಪು ತನ್ನ ಮಟ್ಟಕ್ಕೆ ಇಳಿಯುತ್ತದೆ, ಹತ್ತು ನಿಮಿಷದ ಮೇಲೆ ಸ್ಕಿಮ್ಮರ್ ಶುರು. ಕಪ್ಪಿನಲ್ಲಿ ಒಂದು ಫ್ಲೋಟ್ ಸ್ವಿಚ್ಚೂ ಇದೆ, ತುಂಬಿದರೆ ರಿಲೇ ಪಂಪನ್ನು ನಿಲ್ಲಿಸುತ್ತದೆ. ಫ್ಲೋಟ್‌ಗೆ 12 ವೋಲ್ಟ್ ಮಾತ್ರ ಕೊಡಿ, 230 ವೋಲ್ಟ್ ಬೇಡವೇ ಬೇಡ. ಇಡೀ ಲೈನಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಉಪ್ಪು ನೀರು ಕರೆಂಟನ್ನು ಚೆನ್ನಾಗಿ ಸಾಗಿಸುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ ಎನ್ನುವುದೂ ಮುಖ್ಯ. ಸ್ಕಿಮ್ಮರ್ ದಿನವಿಡೀ ಕೋಣೆಯ ಗಾಳಿಯನ್ನು ನೀರಿಗೆ ಬೆರೆಸುತ್ತದೆ. ಸೊಳ್ಳೆಬತ್ತಿ, ಸೊಳ್ಳೆ ಲಿಕ್ವಿಡ್‌ನಲ್ಲಿರುವ ಔಷಧಿ ಮೀನು, ಸೀಗಡಿ ಎರಡಕ್ಕೂ ಅಪಾಯ. ಗದ್ದೆ ಬಯಲಿನ ಊರು ನಮ್ಮದು, ಸೊಳ್ಳೆ ಕಮ್ಮಿ ಇಲ್ಲ. ಮನೆಯವರೆಲ್ಲ ಒಪ್ಪಿ ಪರದೆ ಕಟ್ಟಿಕೊಂಡು ಮಲಗುತ್ತೇವೆ. ನನ್ನ ಹೆಂಡತಿ ಧೂಪ ಹಾಕುವಾಗ ಈ ಕೋಣೆಯ ಬಾಗಿಲು ಹಾಕುತ್ತಾಳೆ. ಕಿಟಕಿ ಮುಚ್ಚಿದ ಮನೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಹೆಚ್ ಬೀಳಿಸುತ್ತದೆ. ಅದಕ್ಕೆ ಗಾಳಿ ಪೈಪನ್ನು ಕಿಟಕಿಯಾಚೆ ಬಿಟ್ಟೆ. ಬೆಳಗಿನ ಪಿಹೆಚ್ 7.9ರಿಂದ 8.1ಕ್ಕೆ ಬಂತು. ಆದರೆ ಕಬ್ಬಿನ ತರಗಿಗೆ ಬೆಂಕಿ ಹಾಕುವಾಗ, ಪಕ್ಕದ ಗದ್ದೆಗೆ ಔಷಧಿ ಹೊಡೆಯುವಾಗ ಪೈಪನ್ನು ಒಳಗೆ ಎಳೆದುಕೊಳ್ಳುತ್ತೇನೆ.

ಈಗ ಮುಳ್ಳಿನ ಚಕ್ರದ ಮೇಲೆ ಪ್ಲಾಸ್ಟಿಕ್ ಜಾಲರಿ ಕಟ್ಟಿ ನೋಡುತ್ತಿದ್ದೇನೆ. ಜಾಲರಿ ಗಾಳಿಯನ್ನು ಇನ್ನೂ ನುಣ್ಣಗೆ ಕಡೆಯುತ್ತದೆ, ಗುಳ್ಳೆ ಹಾಲಿನಷ್ಟು ಬಿಳುಪಾಗಿದೆ. ಇಲ್ಲಿ ಬ್ಯಾಲೆನ್ಸೇ ಎಲ್ಲ. ಒಂದು ಕಡೆ ಭಾರವಾದರೆ ಶಾಫ್ಟಿನ ರಬ್ಬರ್ ಬುಶ್ ಬೇಗ ಸವೆಯುತ್ತದೆ. ಕಟ್ಟಿದ ಮೇಲೆ ರೋಟರನ್ನು ಶಾಫ್ಟಿನ ಮೇಲೆ ಅಡ್ಡವಾಗಿ ಹಿಡಿದು ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಭಾಗ ಕೆಳಗೆ ಬಂದು ನಿಂತರೆ ಆ ಕಡೆ ಕತ್ತರಿಯಿಂದ ಸ್ವಲ್ಪ ಸವರಿ. ಕಟ್ಟಲು ನೈಲಾನ್ ದಾರ ಬಳಸಿ, ಬೈಂಡಿಂಗ್ ವೈರ್ ಬೇಡ.