ಪಿಎಚ್‌.ಡಿ.ಗೆ ಸ್ಟಾರ್ಟಪ್ ಯಾಕೆ, ಶಿಡ್ಲಘಟ್ಟ ಇದೆಯಲ್ಲ

ನಾವೀನ್ಯತೆಯ ಅರ್ಥಶಾಸ್ತ್ರದಲ್ಲಿ, ಅಂದರೆ ಹೊಸ ತಂತ್ರ ಹೇಗೆ ಹುಟ್ಟಿ ಹಬ್ಬುತ್ತದೆ ಎಂಬುದರ ಮೇಲೆ, ಪಿಎಚ್‌.ಡಿ. ಮಾಡಬೇಕೆನ್ನುವ ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಎಂ.ಎ. ಮುಗಿಸಿದವರು ಬೆಂಗಳೂರಿನ ಸ್ಟಾರ್ಟಪ್‌ಗಳ ಹಿಂದೆ ಬೀಳುತ್ತಾರೆ. ಆ ಕಂಪನಿಗಳು ಲೆಕ್ಕ ಬಿಟ್ಟುಕೊಡುವುದಿಲ್ಲ, ಬಾಗಿಲು ಹಾಕಿದವು ಕೈಗೇ ಸಿಗುವುದಿಲ್ಲ. ಉಳಿದುಕೊಂಡವರನ್ನಷ್ಟೇ ಮಾತಾಡಿಸಿ ಯಶಸ್ಸಿನ ಕಾರಣ ಬರೆದರೆ ‘ಮುಚ್ಚಿದವರ ಕತೆಯೇನು?’ ಎಂಬ ಒಂದೇ ಪ್ರಶ್ನೆಗೆ ಪ್ರಬಂಧ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕುಸಿಯುತ್ತದೆ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ, ಅಂದರೆ ಗೂಡಿನಿಂದ ಎಳೆ ತೆಗೆಯುವ ಕೆಲಸ ನೋಡಿ. ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್, ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಎಂದು ಬೇರೆ ಬೇರೆ ಕಾಲದ ತಂತ್ರಗಳಿವೆ. ಹೊಸದಕ್ಕೆ ಸಬ್ಸಿಡಿ ಇದ್ದರೂ ಹಳೆಯದು ಯಾಕೆ ಒಂದೇ ಏಟಿಗೆ ಹೋಗಲಿಲ್ಲ? ಯಂತ್ರದ ಬೆಲೆಯೊಂದರಿಂದ ಇದಕ್ಕೆ ಉತ್ತರ ಸಿಗದು. ಆಟೊಮ್ಯಾಟಿಕ್ ಯಂತ್ರಕ್ಕೆ ಒಂದೇ ಗಾತ್ರದ, ಉದ್ದ ಎಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿಯ) ಗೂಡು ಬೇಕು. ಮಿಶ್ರತಳಿ (ಸ್ಥಳೀಯ ತಳಿಯ ಬೆರಕೆ) ಗೂಡು ಹಾಕಿದರೆ ಎಳೆ ಪದೇ ಪದೇ ಕಡಿಯುತ್ತದೆ, ಪೋಲು ಹೆಚ್ಚುತ್ತದೆ. ದ್ವಿತಳಿ ಹುಳು ಬಿಸಿಲಿಗೆ, ಸಾಕಣೆ ಮನೆಯ ಕೊಳಕಿಗೆ ಬೇಗ ಸೋಲುತ್ತದೆ; ಹಾಗಾಗಿ ಬೇಸಿಗೆಯಲ್ಲಿ ರೈತ ಹಿಂದೇಟು ಹಾಕುತ್ತಾನೆ. ಇತ್ತ ಜೋಡಿ ಗೂಡು, ತೆಳು ಗೂಡು, ಕಲೆಗೂಡುಗಳಿಗೆ ಗಿರಾಕಿ ಚರಕದವನೇ. ಯಂತ್ರಕ್ಕೆ ಮಾತ್ರ ದುಡ್ಡು ಕೊಟ್ಟು ಗೂಡನ್ನು ಮರೆತ ನೀತಿ ಎಲ್ಲಿ ಮುಗ್ಗರಿಸುತ್ತದೆ ಎಂಬುದೇ ನಿಮ್ಮ ಪ್ರಬಂಧ.

1957ರಲ್ಲಿ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಚಸ್ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದ ಬಗ್ಗೆ ಮಾಡಿದ್ದೂ ಇಂಥ ಬಿಡಿಸುವ ಕೆಲಸವನ್ನೇ: ಯಾವಾಗ ಶುರುವಾಯಿತು, ಎಷ್ಟು ವೇಗವಾಗಿ ಹಬ್ಬಿತು, ಎಲ್ಲಿಗೆ ನಿಂತಿತು ಎಂದು ಮೂರಾಗಿ ನೋಡಿದರು. ಈ ಮೂರನ್ನೂ ಒಂದೇ ‘ಅಳವಡಿಕೆ’ ಅಂಕಿಯೊಳಗೆ ತುರುಕಬೇಡಿ.

ಸಮೀಕ್ಷೆಯಲ್ಲಿ ನೂಲು ಬಿಚ್ಚುವವರ ಲಾಭ ಕೇಳಬೇಡಿ, ಯಾರೂ ಹೇಳುವುದಿಲ್ಲ. ಲಾಟ್‌ಗೆ (ಹರಾಜಿನಲ್ಲಿ ಒಮ್ಮೆಗೆ ಕೊಂಡ ರಾಶಿಗೆ) ಎಷ್ಟು ಕೆ.ಜಿ. ಗೂಡು, ಎಷ್ಟು ದರ, ಎಷ್ಟು ನೂಲು ಬಂತು ಎಂದು ಬಿಡಿಬಿಡಿಯಾಗಿ ಕೇಳಿ. 1 ಕೆ.ಜಿ. ನೂಲಿಗೆ ಮಿಶ್ರತಳಿ ಗೂಡು ಸುಮಾರು 7ರಿಂದ 8 ಕೆ.ಜಿ., ದ್ವಿತಳಿ ಸುಮಾರು 6 ಕೆ.ಜಿ. ಬೇಕು, ಉತ್ತರ ಇದರಿಂದ ತೀರಾ ದೂರ ಹೋದರೆ ಮತ್ತೆ ಕೇಳಿ. ಗೂಡಿನ ಹರಾಜು ನಡೆಯುವ ಹೊತ್ತಿಗೆ ಮಾರುಕಟ್ಟೆಗೆ ನುಗ್ಗಬೇಡಿ, ಮುಗಿದ ಮೇಲೆ ಘಟಕಕ್ಕೇ ಹೋಗಿ. ಅಲ್ಲಿ ಉರ್ದು ಮಾತಾಡುವವರು ಹಲವರು, ಅದು ಬಂದರೆ ಅರ್ಧ ಕೆಲಸ ಮುಗಿದಂತೆ. ಬೇಸಿಗೆ, ಮಳೆಗಾಲ ಎರಡರಲ್ಲೂ ಅಳೆಯದಿದ್ದರೆ ಹವಾಮಾನದ ಪರಿಣಾಮ ಯಂತ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ.

ದೊಡ್ಡ ತಪ್ಪು ಹೋಲಿಕೆಯಲ್ಲಿ ಆಗುತ್ತದೆ. ಸಬ್ಸಿಡಿ ಪಡೆದವರು ಮೊದಲೇ ಬಂಡವಾಳ ಇದ್ದವರು. ಅವರನ್ನು ಪಡೆಯದವರ ಪಕ್ಕ ನಿಲ್ಲಿಸಿದರೆ ಬಂಡವಾಳದ ಫಲವೂ ಸಬ್ಸಿಡಿಯ ಖಾತೆಗೆ ಬೀಳುತ್ತದೆ. ಅರ್ಜಿ ಹಾಕಿ ಸರದಿಯಲ್ಲಿ ಕಾಯುತ್ತಿರುವವರು ಸಿಕ್ಕರೆ ಹೋಲಿಕೆಗೆ ಅವರೇ ಸರಿ.

ನಾವೀನ್ಯತೆ ಅಳೆಯಲು ಪೇಟೆಂಟ್ ಅಂಕಿಗಳ ಮೋಹವೂ ಬೇಡ. ಇಲ್ಲಿನ ಮೆಕ್ಯಾನಿಕ್ ಬೇಸಿನ್‌ಗೆ ಮಾಡುವ ಸುಧಾರಣೆಗೆ ಪೇಟೆಂಟ್ ಅರ್ಜಿ ಹಾಕುವವರಾರು? ಬೇರೆ ಅಧ್ಯಾಯಕ್ಕೆ ಬೇಕೇ ಬೇಕೆಂದರೆ ನೆನಪಿಡಿ, ಭಾರತದಲ್ಲಿ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುತ್ತದೆ. ಹಾಗಾಗಿ ತೀರಾ ಈಚಿನ ವರ್ಷಗಳ ಗೆರೆ ಕೆಳಗಿಳಿದಂತೆ ಕಂಡರೆ ಅದು ಕುಸಿತವೇ ಆಗಿರಬೇಕಿಲ್ಲ.

ಹೊಟ್ಟೆಪಾಡಿಗೆ ನೆಟ್ ಪರೀಕ್ಷೆಯಿಂದ ಸಿಗುವ ಸಂಶೋಧನಾ ವೇತನ, ಜೆಆರ್‌ಎಫ್ ಇದೆ: 2023ರ ಪರಿಷ್ಕರಣೆಯ ಪ್ರಕಾರ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ತಿರುವನಂತಪುರದ ಸಿಡಿಎಸ್ (ಅಭಿವೃದ್ಧಿ ಅಧ್ಯಯನ ಕೇಂದ್ರ) ಎರಡಕ್ಕೂ ಅರ್ಜಿ ಹಾಕಿ.

ಇನ್ನೊಂದು: ರೇಷ್ಮೆ ಇಲಾಖೆಯ ಪಟ್ಟಿ ‘ವಿತರಿಸಿದ’ ಯಂತ್ರಗಳನ್ನು ಎಣಿಸುತ್ತದೆ, ‘ಓಡುತ್ತಿರುವ’ವನ್ನಲ್ಲ. ಯಂತ್ರ ಮಾರಿಬಿಟ್ಟವರು ಯಾರೆಂದು ತಿಳಿಯಬೇಕಾದರೆ ಬಾಯ್ಲರ್ ರಿಪೇರಿಯವರನ್ನು ಕೇಳಿ.