ಪಾಳೆಗಾರರ ಮಾಡ್: ದುರ್ಗ ಕೊನೆಗೂ ನಿಂತಿತು

ಮೆಡೀವಲ್ 2 ಟೋಟಲ್ ವಾರ್ ಎಂಬ ಕಂಪ್ಯೂಟರ್ ಯುದ್ಧದಾಟಕ್ಕೆ ಚಿತ್ರದುರ್ಗದಿಂದ ಕಟ್ಟುತ್ತಿರುವ ಮಾಡ್‌ನಲ್ಲಿ (ಆಟವನ್ನು ಮಾರ್ಪಡಿಸುವ ಫೈಲ್‌ಗಳ ಕಟ್ಟು) ಮ್ಯಾಪ್, ಬಾವುಟ, ಹೆಸರುಪಟ್ಟಿ ಮುಗಿದಿವೆ. ಹಟ ಹಿಡಿದಿದ್ದದ್ದು ಒಂದೇ: ಹೈದರಾಲಿಯ ಮೈಸೂರು ಹತ್ತು ಟರ್ನ್‌ಗೆಲ್ಲ (ಟರ್ನ್ ಅಂದರೆ ಆಟದ ಒಂದು ಸರದಿ) ದುರ್ಗವನ್ನು ನುಂಗಿಬಿಡುತ್ತಿತ್ತು. ಕ್ಯಾಂಪೇನ್ ಶುರುವಾಗುವುದು 1761ರಲ್ಲಿ, ವರ್ಷಕ್ಕೆ 2 ಟರ್ನ್. ಕೆಳದಿಯ ರಾಜಧಾನಿ ಬಿದನೂರು 1763ರಲ್ಲೇ ಹೈದರನ ಕೈಸೇರಿತು, ಹಾಗಾಗಿ ಕೆಳದಿ ಬೇಗ ಬಿದ್ದರೆ ತಕರಾರಿಲ್ಲ. ದುರ್ಗ ಬಿದ್ದದ್ದು 1779ರಲ್ಲಿ. 36 ಟರ್ನ್ ಅದು ಉಳಿಯಲೇಬೇಕು.

ಎಲ್ಲರೂ ಮೊದಲು ಕೈಹಾಕುವುದು ಕಿಂಗ್ಸ್ ಪರ್ಸ್‌ಗೆ, ಅಂದರೆ ಪ್ರತಿ ಟರ್ನ್ ಪಕ್ಷಕ್ಕೆ ತಾನಾಗಿ ಬರುವ ದುಡ್ಡಿಗೆ. 2000 ಇದ್ದದ್ದನ್ನು 5000 ಮಾಡಿದರೆ ದುರ್ಗ ಉಳಿಯಿತು ನಿಜ, ಆದರೆ ಹರಪನಹಳ್ಳಿ, ರಾಯದುರ್ಗ, ಸವಣೂರನ್ನೆಲ್ಲ ಕಬಳಿಸಿತು. ಒಂದೂರಿದ್ದರೂ ಹತ್ತೂರಿದ್ದರೂ ಆ ದುಡ್ಡು ಅಷ್ಟೇ ಬರುತ್ತದೆ, ಆಟಗಾರನಿಗೂ ಬರುತ್ತದೆ. ಸಮತೋಲಕ್ಕೆ ಇದಕ್ಕಿಂತ ಕೆಟ್ಟ ಮದ್ದಿಲ್ಲ.

ರೋಗದ ಬೇರು ಬೇರೆ ಕಡೆ ಇದೆ. ಎಐ, ಅಂದರೆ ಕಂಪ್ಯೂಟರ್, ಆಡಿಸುವ ಎರಡು ಪಕ್ಷಗಳ ನಡುವಿನ ಯುದ್ಧ ಆಟೋರಿಸಾಲ್ವ್‌ನಲ್ಲೇ (ಕಾಳಗ ಆಡದೆ ಬರೀ ಲೆಕ್ಕದಲ್ಲಿ) ಮುಗಿಯುತ್ತದೆ. ಏಳು ಸುತ್ತಿನ ಕೋಟೆಯನ್ನು ಈ ಎಂಜಿನ್‌ನಲ್ಲಿ ಕಟ್ಟಲೂ ಆಗದು, ಆಟದ ಅತಿದೊಡ್ಡ ಕೋಟೆಯಾದ ಸಿಟಾಡೆಲ್‌ಗೂ ಮೂರೇ ಸುತ್ತು. ಕೊನೆಗೆ ಲೆಕ್ಕಕ್ಕೆ ಬರುವುದು ಒಳಗಿರುವ ಆಳುಬಲ. ಒಂದೂರಿನ ಆದಾಯದಲ್ಲಿ ಎಐ ಕೈತುಂಬ ಪಡೆ ಕಟ್ಟುತ್ತದೆ, ಅಪ್‌ಕೀಪ್ (ಪಡೆ ಸಾಕುವ ಖರ್ಚು) ಆದಾಯ ಮೀರುತ್ತದೆ, ಖಜಾನೆ ಸೊನ್ನೆಯ ಕೆಳಗಿಳಿಯುತ್ತದೆ. ಆಮೇಲೆ ಸತ್ತವರ ಜಾಗಕ್ಕೆ ಹೊಸಬರನ್ನು ಸೇರಿಸಲು ಕಾಸಿಲ್ಲ. ಮೈಸೂರು ನುಗ್ಗುವುದು ಆಗಲೇ.

ಕೆಲಸಕ್ಕೆ ಬಂದದ್ದು ಎರಡು ಬದಲಾವಣೆ. ಒಂದು, ಕಟ್ಟಡಗಳ ಫೈಲ್‌ನಲ್ಲಿ ಕೋಟೆ ಗೋಡೆಗೆ ಫ್ರೀ ಅಪ್‌ಕೀಪ್ ಬೋನಸ್ 5 (ಐದು ತುಕಡಿಗಳಿಗೆ ಸಾಕುವ ಖರ್ಚಿಲ್ಲ), ದುರ್ಗಕ್ಕೆ ಮಾತ್ರ ಸಿಗುವಂತೆ ಹಿಡನ್ ರಿಸೋರ್ಸ್ (ರೀಜನ್ ಫೈಲ್‌ನಲ್ಲಿ ಪ್ರದೇಶಕ್ಕೆ ಹಚ್ಚುವ ಗುಪ್ತ ಗುರುತು) ಷರತ್ತು. ಬೇಡರ ಕಾಲಾಳಿಗೆ ಯೂನಿಟ್ ಫೈಲ್‌ನಲ್ಲಿ ಫ್ರೀ ಅಪ್‌ಕೀಪ್ ಗುಣವನ್ನೂ ಸೇರಿಸಬೇಕು, ಇಲ್ಲದಿದ್ದರೆ ಬೋನಸ್ ಇದ್ದೂ ಇಲ್ಲದಂತೆ. ಎರಡು, ಸ್ಕ್ರಿಪ್ಟ್‌ನಲ್ಲಿ ಮಾನಿಟರ್ (ಷರತ್ತು ಕೂಡಿದಾಗ ನಡೆಯುವ ಆಜ್ಞೆ): ದುರ್ಗದ ಟರ್ನ್ ಶುರುವಾದಾಗ ಆಡುವವರು ಮನುಷ್ಯರಲ್ಲದಿದ್ದರೆ, ಖಜಾನೆ ಸೊನ್ನೆಗಿಂತ ಕಡಿಮೆಯಿದ್ದರೆ, ಊರುಗಳು 4ಕ್ಕಿಂತ ಕಡಿಮೆಯಿದ್ದರೆ 1500 ಕೊಡು. ಮೂರನೆಯ ಷರತ್ತೇ ಇದರ ಜೀವ, ಬೆಳೆದ ಕೂಡಲೇ ನೆರವು ನಿಲ್ಲುತ್ತದೆ. ಒಮ್ಮೆಲೇ 5000 ಕೊಟ್ಟರೆ ಎಐ ಅದನ್ನೂ ಹೊಸ ಪಡೆಗೆ ಸುರಿದು ಮತ್ತೆ ಸಾಲಕ್ಕೆ ಬೀಳುತ್ತದೆ. ಕಿಂಗ್ಸ್ ಪರ್ಸ್ ವಾಪಸ್ 2000.

ದಾವಣಗೆರೆ ಕಡೆ ಟೆಸ್ಟ್ ಮಾಡುವವರು ಗಮನಿಸಿ: ಹಳೆಯ ಸೇವ್ ನಡೆಯದು. ರೀಜನ್ ಫೈಲ್ ಬದಲಾಗಿರುವುದರಿಂದ ಮ್ಯಾಪ್ ಆರ್‌ಡಬ್ಲ್ಯೂಎಂ ಫೈಲ್ (map.rwm) ಅಳಿಸಿ ಹೊಸ ಕ್ಯಾಂಪೇನ್ ತೆರೆಯಿರಿ.

ಕಾಲಾಳಿನ ಮಾಡೆಲ್‌ಗಳದ್ದು ಮಾತ್ರ ಬೇಸರ. ದಖ್ಖನ್ ಸೈನಿಕರೆಂದು ಸಿಗುವ ಪ್ಯಾಕ್‌ಗಳಲ್ಲಿ ಯುರೋಪಿನ ಕವಚದ ಮೇಲೆ ರುಮಾಲು ಸುತ್ತಿಟ್ಟಿರುತ್ತಾರೆ, ಅರ್ಧ ಟೆಕ್ಸ್ಚರ್ ಇರುವುದೇ ಇಲ್ಲ. ಮುಂದೆ ಮಾಯಕೊಂಡದ ಕಾಳಗವನ್ನು ಪ್ರತ್ಯೇಕ ಯುದ್ಧವಾಗಿ ಮಾಡಬೇಕೆಂದಿದೆ. ದುರ್ಗದ ದೊರೆ ಹಿರಿಯ ಮದಕರಿ ನಾಯಕ ಮಡಿದ ಆ ಬಯಲಲ್ಲಿ ಇಂಥ ಸೈನಿಕರನ್ನು ನಿಲ್ಲಿಸಲು ಮನಸ್ಸಾಗದು, ಮಾಡೆಲ್ ನಾವೇ ಕಟ್ಟಬೇಕು.

ಅದಕ್ಕೂ ಮೊದಲು ಸವಣೂರು. ದುರ್ಗ ಗಟ್ಟಿಯಾದ ಮೇಲೆ ಮೈಸೂರಿನ ಪಡೆ ಉತ್ತರಕ್ಕೆ ತಿರುಗಿ ಅದನ್ನು ಮುಗಿಸುತ್ತಿದೆ. ಅದೇ ಮಾನಿಟರನ್ನು 1000 ಇಟ್ಟು, ಊರಿನ ಮಿತಿ 3ಕ್ಕಿಳಿಸಿ ಸವಣೂರಿಗೂ ಹಾಕಿ ನೋಡುವುದು ಈಗಿನ ಕೆಲಸ.